ಅಕ್ಕಿಯ ನಿರ್ಯಾತನೀತಿ ಮತ್ತು ರಾಯಚೂರು ಸೀಮೆ

ತನ್ನ ಪ್ರಜೆಗಳ ಊಟಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಧಾನ್ಯವನ್ನು ಹೊರನಾಡುಗಳಿಗೆ ಮಾರುವ ರಾಷ್ಟ್ರವು, ಆ ಮಾರಾಟವನ್ನು ಸುಂಕದಿಂದಲೋ, ಕನಿಷ್ಠ ಬೆಲೆಯ ನಿಬಂಧನೆಯಿಂದಲೋ, ಪೂರ್ಣ ನಿಷೇಧದಿಂದಲೋ ಹತೋಟಿಯಲ್ಲಿಡುವ ಕ್ರಮಕ್ಕೆ ನಿರ್ಯಾತನೀತಿಯೆಂದು ಹೆಸರು. ಹೊರನೋಟಕ್ಕೆ ಇದು ವಾಣಿಜ್ಯ ಖಾತೆಯ ವ್ಯವಹಾರ. ವಸ್ತುತಃ ಇದರ ಬೇರು ಚುನಾವಣೆಯ ಸಾಮೀಪ್ಯ, ಪಡಿತರದ ಹೊಣೆ, ಮಳೆ ಕೈಕೊಟ್ಟೀತೆಂಬ ಅಂಜಿಕೆ, ಪಟ್ಟಣವಾಸಿಗಳ ಗೊಣಗಾಟ ಇವುಗಳಲ್ಲಿ ಹುದುಗಿರುತ್ತದೆ. ಆದುದರಿಂದಲೇ ಈ ನೀತಿಯ ಏರಿಳಿತಗಳನ್ನು ಅರಿಯಬಯಸುವವರು ಬಂದರುಗಳ ಲೆಕ್ಕಪತ್ರಗಳನ್ನು ಓದುವುದಕ್ಕೆ ಮೊದಲು ಆ ದೇಶದ ಒಳರಾಜಕಾರಣವನ್ನು ಓದಿಕೊಳ್ಳಬೇಕಾಗುತ್ತದೆ.

ಗೋಧಿಗಿಂತಲೂ ಅಕ್ಕಿಯ ವಿಷಯದಲ್ಲಿ ಈ ಮಾತು ಹೆಚ್ಚು ಸಲ್ಲುತ್ತದೆ. ಲೋಕದಲ್ಲಿ ಬೆಳೆಯುವ ಅಕ್ಕಿಯ ಬಹುಭಾಗವು ಬೆಳೆದ ದೇಶದಲ್ಲಿಯೇ ಉಣ್ಣಲ್ಪಟ್ಟು, ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಎಲ್ಲೆಯನ್ನು ದಾಟುತ್ತದೆ; ಈ ಸಣ್ಣ ಪಾಲನ್ನು ನೆಚ್ಚಿಕೊಂಡು ಪಶ್ಚಿಮ ಆಫ್ರಿಕದ ಹಲವು ದೇಶಗಳೂ ಫಿಲಿಪ್ಪೀನ್ಸ್, ಮಲೇಷ್ಯ ಮುಂತಾದ ಆಗ್ನೇಯ ಏಷ್ಯದ ರಾಷ್ಟ್ರಗಳೂ ಕೊಲ್ಲಿಯ ಅರಬ ನಾಡುಗಳೂ ಜೀವಿಸುತ್ತಿವೆ. 2022ರ ಸುಮಾರಿಗೆ ಆ ಪಾಲಿನಲ್ಲಿ ಶೇಕಡ 40ರಷ್ಟನ್ನು, ಎಂದರೆ ಎರಡು ಕೋಟಿ ಟನ್ನುಗಳಿಗೂ ಮಿಕ್ಕ ಅಕ್ಕಿಯನ್ನು, ಭಾರತವೊಂದೇ ಒದಗಿಸುತ್ತಿದ್ದಿತು. ಥಾಯ್ಲೆಂಡ್, ವಿಯೆಟ್ನಾಂ, ಪಾಕಿಸ್ತಾನಗಳು ಅದರ ಹಿಂದೆ ಬಹು ಅಂತರದಲ್ಲಿದ್ದುವು. ಇಷ್ಟು ದೊಡ್ಡ ಪಾಲುದಾರನು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡರೂ ಸಾಲಿನಲ್ಲಿ ನಿಂತವರಲ್ಲಿ ಗಲಿಬಿಲಿಯಾಗದೆ ಇರದು.

ಕನ್ನಡನಾಡಿನಲ್ಲಿ ಈ ನೀತಿಯ ಫಲಾಫಲಗಳು ಹತ್ತಿರದಿಂದ ಕಾಣುವ ಪ್ರದೇಶಗಳಲ್ಲಿ ರಾಯಚೂರು ನಗರ, ಮಾನ್ವಿ, ದೇವದುರ್ಗಗಳನ್ನೊಳಗೊಂಡ ಸೀಮೆ ಮುಖ್ಯವಾದುದು. ಸೋನಾ ಮಸೂರಿಯೆಂದು ಪ್ರಸಿದ್ಧವಾದ ಸಣ್ಣಕ್ಕಿ ಇಲ್ಲಿಂದಲೂ ನೆರೆಯ ಸಿಂಧನೂರು, ಗಂಗಾವತಿಗಳಿಂದಲೂ ಬೆಂಗಳೂರಿಗೆ, ನೆರೆರಾಜ್ಯಗಳಿಗೆ ಮತ್ತು ಕನ್ನಡ, ತೆಲುಗು, ತಮಿಳು ಕುಟುಂಬಗಳು ನೆಲೆಸಿರುವ ಪರದೇಶಗಳಿಗೆ ಹೋಗುತ್ತದೆ.

ಪೂರ್ವಚರಿತ್ರೆ

ಭಾರತವು ಧಾನ್ಯವನ್ನು ಕೊಡುವ ರಾಷ್ಟ್ರವೆನಿಸಿದ್ದು ಈಚೆಗೆ. ಅದಕ್ಕೆ ಮೊದಲು ಪರರ ನಿರ್ಯಾತನೀತಿಗೆ ತಲೆಬಾಗಬೇಕಾದ ರಾಷ್ಟ್ರವಾಗಿದ್ದಿತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಸಂಧಿಸಿದುವು. ಐದು ವರ್ಷಗಳ ತರುವಾಯ, ಧಾತು ಈಶ್ವರ ಸಂವತ್ಸರಗಳಲ್ಲಿ ದಕ್ಷಿಣವನ್ನೆಲ್ಲ ವ್ಯಾಪಿಸಿದ ಮಹಾಕ್ಷಾಮದ ಕಾಲದಲ್ಲಿ, ವ್ಯಾಪಾರಕ್ಕೆ ಸರ್ಕಾರವು ಅಡ್ಡಬರಬಾರದೆಂಬ ವೈಸರಾಯ್ ಲಿಟ್ಟನ್ನನ ಸಿದ್ಧಾಂತದ ಆಶ್ರಯದಲ್ಲಿ ಭಾರತದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದಿತು. ರೈಲು ಧಾನ್ಯವನ್ನು ತರುವುದಕ್ಕೂ ಬಲ್ಲುದು, ಒಯ್ಯುವುದಕ್ಕೂ ಬಲ್ಲುದು. ಯಾವ ದಿಕ್ಕಿಗೆಂಬುದನ್ನು ಹಸಿವು ತೀರ್ಮಾನಿಸಲಿಲ್ಲ, ಬೆಲೆ ತೀರ್ಮಾನಿಸಿತು.

ಎರಡನೆಯ ಮಹಾಯುದ್ಧಕ್ಕೆ ಪೂರ್ವದಲ್ಲಿ ಲೋಕದ ಅತಿದೊಡ್ಡ ಅಕ್ಕಿಮಾರಾಟಗಾರ ಬರ್ಮಾ. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದೊಡನೆ ಆ ಸರಬರಾಯಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷೋಪಲಕ್ಷ ಜನ ಮಡಿದುದಕ್ಕೆ ಅದು ಏಕಮಾತ್ರ ಕಾರಣವಲ್ಲವಾದರೂ ಕಾರಣಗಳಲ್ಲಿ ಒಂದೆಂಬುದರಲ್ಲಿ ವಿವಾದವಿಲ್ಲ. ಸ್ವಾತಂತ್ರ್ಯಾನಂತರ ಭಾರತವು ಅಮೆರಿಕದ ಗೋಧಿಯನ್ನು ನೆಮ್ಮಿತು. 1954ರ ಪಿಎಲ್ 480 ಎಂಬ ಶಾಸನದ ಮೇರೆಗೆ ರೂಪಾಯಿಯಲ್ಲಿಯೇ ಬೆಲೆ ತೆತ್ತು ಧಾನ್ಯ ಪಡೆಯುವ ಸೌಲಭ್ಯವೊದಗಿತ್ತಾದರೂ, 1965 ಮತ್ತು 1966ರ ಅನಾವೃಷ್ಟಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು, ಭಾರತವು ತನ್ನ ಕೃಷಿನೀತಿಯನ್ನು ತಿದ್ದಿಕೊಳ್ಳಲೆಂಬ ಉದ್ದೇಶದಿಂದಲೂ ವಿಯೆಟ್ನಾಂ ಯುದ್ಧವನ್ನು ಅದು ಟೀಕಿಸುತ್ತಿದ್ದುದರ ಅಸಮಾಧಾನದಿಂದಲೂ, ಗೋಧಿಯ ಹಡಗುಗಳನ್ನು ಅಲ್ಪಾವಧಿಯ ಮಂಜೂರಾತಿಗಳ ಮೇಲೆ ತಡೆತಡೆದು ಬಿಡಿಸಿದರು. ಆ ಅವಮಾನವೇ ಹಸುರುಕ್ರಾಂತಿಗೆ ಗೊಬ್ಬರವಾಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ 1965ರಲ್ಲಿ ಸ್ಥಾಪಿತವಾದ ಭಾರತೀಯ ಆಹಾರ ನಿಗಮದ ಉಗ್ರಾಣಗಳನ್ನು ಸದಾ ತುಂಬಿಟ್ಟಿರಬೇಕೆಂಬ ದೆಹಲಿಯ ಹಠಕ್ಕೆ ಮೂಲವು ಆ ದಿನಗಳ ನೆನಪಿನಲ್ಲಿದೆ.

ಇಷ್ಟನ್ನು ಉಂಡು ಅರಿತ ದೇಶವು ತಾನು ಕೊಡುವ ಸ್ಥಾನಕ್ಕೆ ಬಂದಾಗ ಬೇರೆ ರೀತಿಯಲ್ಲಿ ನಡೆದುಕೊಂಡಿತೆಂದು ಹೇಳಲಾಗದು. 2007ರ ಅಕ್ಟೋಬರಿನಲ್ಲಿ ಭಾರತವು ಬಾಸ್ಮತಿಯಲ್ಲದ ಅಕ್ಕಿಯ ನಿರ್ಯಾತವನ್ನು ನಿರ್ಬಂಧಿಸಿ, 2008ರ ಏಪ್ರಿಲಿನಲ್ಲಿ ನಿಷೇಧವನ್ನು ಗಟ್ಟಿಗೊಳಿಸಿತು. ವಿಯೆಟ್ನಾಮೂ ಬಾಗಿಲು ಮುಚ್ಚಿತು. ಫಿಲಿಪ್ಪೀನ್ಸ್ ಗಾಬರಿಯಿಂದ ಸಿಕ್ಕ ಬೆಲೆಗೆ ಕೊಳ್ಳಲು ಮುಂದಾಯಿತು. ಆ ವರ್ಷ ಲೋಕದಲ್ಲಿ ನೆಲ್ಲಿನ ಬೆಳೆಯೇನೂ ಕುಂದಿರಲಿಲ್ಲವಾದರೂ, ವರ್ಷಾರಂಭದಲ್ಲಿ ಟನ್ನಿಗೆ 400 ಡಾಲರಿನ ಒಳಗಿದ್ದ ಥಾಯ್ ಅಕ್ಕಿಯ ಬೆಲೆ ಮೇ ತಿಂಗಳ ಹೊತ್ತಿಗೆ 1000 ಡಾಲರಿನ ಸಮೀಪಕ್ಕೆ ನೆಗೆಯಿತು. ಆಹಾರದ ತುಟ್ಟಿಯ ಗಲಭೆಯಲ್ಲಿ ಹೈಟಿ ದೇಶದ ಪ್ರಧಾನಿ ಅಧಿಕಾರ ಕಳೆದುಕೊಂಡರು. ಭಾರತವು ಆ ನಿಷೇಧವನ್ನು ತೆಗೆದದ್ದು 2011ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಮುಂದೆ ಅತ್ಯಲ್ಪ ಕಾಲದಲ್ಲಿ ಅದು ಥಾಯ್ಲೆಂಡನ್ನು ಹಿಂದೆ ಹಾಕಿ ಪ್ರಥಮಸ್ಥಾನಕ್ಕೇರಿತು.

ಎಡೆದೊರೆ ನಾಡಿನ ನೆಲ್ಲು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ಭೂಭಾಗಕ್ಕೆ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರುಂಟು. ವಿಜಯನಗರದ ಅರಸರೂ ಬಹಮನಿ ಮತ್ತು ಬಿಜಾಪುರದ ಸುಲ್ತಾನರೂ ತಲೆಮಾರುಗಟ್ಟಲೆ ಇದಕ್ಕಾಗಿ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದುದು ಪ್ರಸಿದ್ಧ. ಎರಡು ಮಹಾನದಿಗಳ ಮಧ್ಯೆಯಿದ್ದೂ ಇದು ಒಣನಾಡೇ. ಕರಿಯ ಎರೆಭೂಮಿಯಲ್ಲಿ ಬಿಳಿಜೋಳ, ಹತ್ತಿ, ಕಡಲೆ. ಕೆಂಪು ಮಸಾರಿಯಲ್ಲಿ ಸಜ್ಜೆ, ಸೇಂಗಾ, ತೊಗರಿ: ಇಲ್ಲಿನವರ ಹಳೆಯ ಬೇಸಾಯವಿದು, ಮತ್ತು ಇಲ್ಲಿನವರ ಊಟ ಇಂದಿಗೂ ಜೋಳದ ರೊಟ್ಟಿಯನ್ನು ಬಿಟ್ಟು ಪೂರ್ಣವಾಗುವುದಿಲ್ಲ.

ಈ ನೆಲದ ಮುಖ ಬದಲಾದದ್ದು ತುಂಗಭದ್ರಾ ಜಲಾಶಯದಿಂದ. ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಪ್ರಾಂತಗಳು ಕೂಡಿ 1945ರ ಫೆಬ್ರುವರಿಯಲ್ಲಿ ಹೊಸಪೇಟೆಯ ಬಳಿ ಇದಕ್ಕೆ ಅಸ್ತಿಭಾರ ಹಾಕಿದುವು. 1953ರಲ್ಲಿ ನೀರು ಹರಿಯಲಾರಂಭಿಸಿತು. ಎಡದಂಡೆಯ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಇದನ್ನು ಯೋಜಿಸಿದವರ ಸಂಕಲ್ಪ ನೆಲ್ಲು ಬೆಳೆಸುವುದಾಗಿರಲಿಲ್ಲವೆಂಬುದು ಗಮನಾರ್ಹ. ಬರದಿಂದ ರಕ್ಷಿಸುವಷ್ಟು ತೆಳುವಾಗಿ ನೀರನ್ನು ವಿಶಾಲ ಪ್ರದೇಶಕ್ಕೆ ಹರಡಬೇಕು, ಬಹುಪಾಲು ಜಮೀನಿನಲ್ಲಿ ಜೋಳ ಹತ್ತಿಗಳಂಥ ಅರೆನೀರಾವರಿ ಬೆಳೆಗಳನ್ನೇ ತೆಗೆಯಬೇಕು, ನೆಲ್ಲಿಗೆ ಅಲ್ಪಭಾಗ ಸಾಕು ಎಂಬುದು ಕಾಗದದ ಮೇಲಣ ವ್ಯವಸ್ಥೆ. ಕಾಲುವೆಯ ಬೆನ್ನಿಗೇ ಕರಾವಳಿ ಆಂಧ್ರದ ಕೃಷಿಕರು ಬಂದು ಜಮೀನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿ ನೆಲೆಸಿದರು, ನೆಲ್ಲಿನ ಬೇಸಾಯದಲ್ಲಿ ಪಳಗಿದ ಅವರ ಕೈಯಲ್ಲಿ ಮೇಲ್ಭಾಗದ ಎರೆಹೊಲಗಳು ಗದ್ದೆಗಳಾದುವು, ಸ್ಥಳೀಯ ರೈತರೂ ಅದೇ ದಾರಿ ಹಿಡಿದರು, ನಿಯಮವು ನಿಯಮದ ಪುಸ್ತಕದಲ್ಲಿಯೇ ಉಳಿಯಿತು. ಬಾಪಟ್ಲಾ ಸಂಶೋಧನ ಕೇಂದ್ರದಲ್ಲಿ ರೂಪುಗೊಂಡ ಬಿಪಿಟಿ 5204, ಈಚೆಗೆ ರಾಜೇಂದ್ರನಗರದ ಆರ್‌ಎನ್‌ಆರ್ 15048 ಎಂಬ ತಳಿಗಳು ಇಲ್ಲಿ ಹಬ್ಬಿವೆ. ರಾಯಚೂರಿನ ಅಕ್ಕಿ ಗಿರಣಿಗಳು, ಎಪಿಎಂಸಿಯ ಅಡತಿ ಅಂಗಡಿಗಳು, 75 ಕಿಲೋ ಚೀಲದ ಮೇಲೆ ಕೂಗುವ ದರ, ಹಮಾಲರ ಸಂಘಗಳು, ತೌಡು ನುಚ್ಚುಗಳ ಉಪವ್ಯಾಪಾರ, ಇವೆಲ್ಲ ಆ ನೀರಿನ ಸಂತಾನ.

ಮಾನ್ವಿಯ ಕೊನೆಭಾಗದ ರೈತರ ಕಷ್ಟವೂ ಅದರ ಸಂತಾನವೇ. ಗಂಗಾವತಿ ಸಿಂಧನೂರುಗಳನ್ನು ದಾಟಿ ಬರುವ ನೀರು ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಿಗೆ ತಲಪುವ ವೇಳೆಗೆ ಕೃಶವಾಗಿರುತ್ತದೆ. 69ನೆಯ ಮೈಲಿಯಲ್ಲಿ ಎಷ್ಟು ಅಡಿ, 104ನೆಯ ಮೈಲಿಯಲ್ಲಿ ಎಷ್ಟು ಅಡಿ ಎಂಬ ಗೇಜಿನ ಲೆಕ್ಕವು ಈ ಭಾಗದಲ್ಲಿ ಪ್ರತಿವರ್ಷವೂ ಧರಣಿ, ರಸ್ತೆತಡೆ, ಸಂಧಾನಗಳ ವಸ್ತುವಾಗಿದೆ. ಅಕ್ರಮ ಪಂಪುಸೆಟ್ಟುಗಳನ್ನು ತಡೆಯಲು ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹೊರಡಿಸುವುದೂ ಉಂಟು. ಲೋಕದ ಅಕ್ಕಿಪೇಟೆಯನ್ನು ಅರ್ಥಮಾಡಿಕೊಳ್ಳಲು ಅರ್ಥಶಾಸ್ತ್ರದ ಗ್ರಂಥಗಳಿಗಿಂತ ಈ ಕಾಲುವೆ ಹೆಚ್ಚು ಸಹಾಯಕವೆಂದು ಈ ಲೇಖಕನ ಅಭಿಪ್ರಾಯ: ಮೇಲ್ಭಾಗದವನು ತನ್ನ ಗದ್ದೆ ತುಂಬಿದ ಮೇಲೆ ಬಿಟ್ಟದ್ದೇ ಕೆಳಭಾಗದವನ ಹಕ್ಕಾಗುತ್ತದೆ, ಮತ್ತು ಮೇಲ್ಭಾಗದವನಿಗೆ ಕ್ರೌರ್ಯವಿರಬೇಕಾಗಿಲ್ಲ, ಅಂಜಿಕೆಯೊಂದಿದ್ದರೆ ಸಾಕು. ಸೆನೆಗಲ್ಲಿನ ಅನ್ನದ ತಟ್ಟೆ ಭಾರತದ ಉಗ್ರಾಣಕ್ಕೆ ಕೊನೆಭಾಗದ ಹೊಲವೇ ಸರಿ.

ದೇವದುರ್ಗದ ಕಥೆ ಬೇರೆ. ಕೃಷ್ಣೆಯ ಮೇಲಣ ನಾರಾಯಣಪುರದ ಬಸವಸಾಗರದಿಂದ ಹೊರಟ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗಗಳಿಗೆ ನೀರುಣಿಸಿ ಅಲ್ಲಿಯೂ ನೆಲ್ಲನ್ನು ತಂದಿತು. ಆದರೆ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಇಲ್ಲಿಂದ ಕೂಲಿಕಾರರು ಬೆಂಗಳೂರಿಗೂ ಇತರ ನಗರಗಳಿಗೂ ಗುಳೆ ಹೋಗುವುದು ನಿಂತಿಲ್ಲ. ಬೆಳೆದ ಸಣ್ಣಕ್ಕಿಯನ್ನು ಮಾರಿ, ಪಡಿತರದ ದಪ್ಪಕ್ಕಿಯನ್ನು ಉಣ್ಣುವ ಸಂಸಾರಗಳು ಇಲ್ಲಿ ವಿರಳವಲ್ಲ.

2022–24ರ ನಿಷೇಧಗಳು

2022ರ ಫೆಬ್ರುವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ, ಲೋಕಕ್ಕೆ ಬೇಕಾದ ಗೋಧಿಯನ್ನು ಭಾರತವು ಪೂರೈಸಬಲ್ಲುದೆಂಬ ಉತ್ಸಾಹದ ಮಾತುಗಳು ದೆಹಲಿಯಿಂದ ಕೇಳಿಬಂದುವು. ಮಾರ್ಚಿಯ ಬಿಸಿಗಾಳಿಗೆ ಪೈರು ಬತ್ತಿತು. ಮೇ 13ರಂದು ಗೋಧಿಯ ನಿರ್ಯಾತ ನಿಷಿದ್ಧವಾಯಿತು. ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಗೆ ನಿಷೇಧವೂ ಬೆಳ್ತಿಗೆ ಅಕ್ಕಿಗೆ ಶೇಕಡ 20ರ ಸುಂಕವೂ ಬಂದುವು. ನುಚ್ಚಕ್ಕಿಯ ವಿಷಯದಲ್ಲಿ ಸರ್ಕಾರವು ಕೊಟ್ಟ ಕಾರಣ ಕೋಳಿಸಾಕಣೆಯವರ ಮತ್ತು ಎಥನಾಲ್ ತಯಾರಕರ ಅಗತ್ಯ; ಅದೇ ನುಚ್ಚು ಸೆನೆಗಲ್ ಮುಂತಾದ ನಾಡುಗಳಲ್ಲಿ ದಿನದೂಟದ ಧಾನ್ಯ.

2023ರ ಜುಲೈ 17ರಂದು ರಷ್ಯವು ಉಕ್ರೇನಿನ ಧಾನ್ಯದ ಹಡಗುಗಳಿಗೆ ದಾರಿ ಬಿಟ್ಟಿದ್ದ ಕಪ್ಪುಸಮುದ್ರದ ಧಾನ್ಯ ಒಡಂಬಡಿಕೆಯಿಂದ ಹೊರಬಂದಿತು. ಮೂರು ದಿನ ಕಳೆದು, ಜುಲೈ 20ರಂದು, ಭಾರತವು ಬಾಸ್ಮತಿಯಲ್ಲದ ಬಿಳಿಯ ಅಕ್ಕಿಯ ನಿರ್ಯಾತವನ್ನು ಪೂರ್ಣವಾಗಿ ನಿಷೇಧಿಸಿತು. ಚಿಲ್ಲರೆ ಬೆಲೆ ವರ್ಷದಲ್ಲಿ ಶೇಕಡ 11.5ರಷ್ಟು ಏರಿದೆಯೆಂದೂ, ನಿಷೇಧಿತ ವರ್ಗವು ಒಟ್ಟು ನಿರ್ಯಾತದ ಕಾಲುಭಾಗ ಮಾತ್ರವೆಂದೂ ಪ್ರಕಟಣೆ ತಿಳಿಸಿತು. ಆಗಸ್ಟಿನಲ್ಲಿ ಕುಚ್ಚಲಕ್ಕಿಗೆ ಶೇಕಡ 20ರ ಸುಂಕ, ಬಾಸ್ಮತಿಗೆ ಟನ್ನಿಗೆ 1200 ಡಾಲರಿನ ಕನಿಷ್ಠ ಬೆಲೆ. ಎಲ್ ನಿನ್ಯೊ ಮಳೆಯನ್ನು ಕೆಡಿಸುವ ಸೂಚನೆಯಿದ್ದಿತು. 80 ಕೋಟಿ ಜನರಿಗೆ ಉಚಿತ ಪಡಿತರದ ಹೊಣೆಯಿದ್ದಿತು. ಲೋಕಸಭೆಯ ಚುನಾವಣೆ ವರ್ಷದೊಳಗಿದ್ದಿತು. ಮೂರರಲ್ಲಿ ಯಾವುದು ಹೆಚ್ಚು ತೂಗಿತೆಂದು ಅಳೆಯುವ ತಕ್ಕಡಿಯಿಲ್ಲ. ಆದರೆ ನಾಲ್ಕನೆಯದಾದ ಬೆಳೆಗಾರನ ಲಾಭವು ತೂಕಕ್ಕೇ ಬರಲಿಲ್ಲವೆಂಬುದನ್ನು ತಕ್ಕಡಿಯಿಲ್ಲದೆಯೂ ಹೇಳಬಹುದು.

ಸ್ನೇಹಿತ ರಾಷ್ಟ್ರಗಳಿಗೆ ಹಿಂಬಾಗಿಲು ತೆರೆದಿದ್ದಿತು. ಸರ್ಕಾರದಿಂದ ಸರ್ಕಾರಕ್ಕೆಂಬ ಏರ್ಪಾಟಿನಲ್ಲಿ, ರಾಷ್ಟ್ರೀಯ ಸಹಕಾರಿ ರಫ್ತು ಸಂಸ್ಥೆಯ ಮೂಲಕ, ಭೂತಾನಕ್ಕೆ 79,000 ಟನ್, ಸಿಂಗಪುರಕ್ಕೆ 50,000, ಮಾರಿಷಸ್ಸಿಗೆ 14,000, ಸಂಯುಕ್ತ ಅರಬ್ ಎಮಿರೇಟಿಗೆ 75,000 ಟನ್ ಮಂಜೂರಾದುವು. ಅಕ್ಟೋಬರಿನಲ್ಲಿ ನೇಪಾಳ, ಕ್ಯಾಮರೂನ್, ಫಿಲಿಪ್ಪೀನ್ಸ್ ಮೊದಲಾದ ಏಳು ದೇಶಗಳಿಗೆ ಕೂಡಿ ಹತ್ತು ಲಕ್ಷ ಟನ್ನಿಗೂ ಮಿಕ್ಕು. ಪೇಟೆಯ ಸರಕಾಗಿದ್ದ ಅಕ್ಕಿ ಇದರಿಂದ ರಾಯಭಾರದ ಸರಕಾಯಿತು: ಬೇಕಾದವರು ವರ್ತಕನಿಗೆ ಬೇಡಿಕೆ ಕಳುಹಿಸುವ ಬದಲು ವಿದೇಶಾಂಗ ಖಾತೆಗೆ ವಿಜ್ಞಾಪನೆ ಕಳುಹಿಸಬೇಕಾಯಿತು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಕ್ಕಿ ಸೂಚ್ಯಂಕವು ಆಗಸ್ಟ್ ಒಂದೇ ತಿಂಗಳಲ್ಲಿ ಶೇಕಡ 9.8ರಷ್ಟು ಏರಿ ಹದಿನೈದು ವರ್ಷಗಳ ಗರಿಷ್ಠಮಟ್ಟವನ್ನು ಮುಟ್ಟಿತು. ಥಾಯ್ ಅಕ್ಕಿ ಟನ್ನಿಗೆ 650 ಡಾಲರಿನ ಸಮೀಪಕ್ಕೆ ಬಂದಿತು. ಎಮಿರೇಟು ತನ್ನಲ್ಲಿರುವ ಅಕ್ಕಿಯ ಪುನರ್ನಿರ್ಯಾತವನ್ನು ನಾಲ್ಕು ತಿಂಗಳು ತಡೆಹಿಡಿಯಿತು. ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಸೆಪ್ಟೆಂಬರಿನಲ್ಲಿ ಸಾಧಾರಣ ಅಕ್ಕಿಗೆ ಕಿಲೋ ಒಂದಕ್ಕೆ 41 ಪೆಸೊ ಎಂದು ಬೆಲೆ ಕಟ್ಟಿ, ಒಂದು ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅಂತರರಾಷ್ಟ್ರೀಯ ಹಣಕಾಸು ನಿಧಿ ನಿಷೇಧವನ್ನು ತೆಗೆಯಬೇಕೆಂದು ಭಾರತವನ್ನು ಕೋರಿತು. ವಿಶ್ವ ವಾಣಿಜ್ಯ ಸಂಸ್ಥೆಯ ಕೃಷಿ ಒಪ್ಪಂದವು ನಿಷೇಧ ಹೇರುವವರು ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ, ಕೊಳ್ಳುವವರ ಆಹಾರಭದ್ರತೆಯನ್ನು ಪರ್ಯಾಲೋಚಿಸಬೇಕೆನ್ನುತ್ತದೆ. ಆಮದಿನ ಸುಂಕದ ಮೇಲೆ ಅದು ವಿಧಿಸುವ ಬಿಗಿಯನ್ನು ನಿರ್ಯಾತದ ತಡೆಯ ಮೇಲೆ ವಿಧಿಸುವುದಿಲ್ಲ.

ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ಜುಲೈ ಕೊನೆಯ ವಾರ ಕಂಡ ದೃಶ್ಯ ವಿಚಿತ್ರವಾದುದು. ನಿಷೇಧದ ಸುದ್ದಿ ಮುಟ್ಟುತ್ತಲೆ ಸೋನಾ ಮಸೂರಿಗಾಗಿ ಜನ ಸಾಲುಗಟ್ಟಿದರು, ಬೆಲೆ ಏರಿತು, ಅನೇಕ ಅಂಗಡಿಗಳು ಕುಟುಂಬಕ್ಕೆ ಒಂದೇ ಚೀಲವೆಂದು ಫಲಕ ಹಾಕಿದುವು. ಸಂಬಳದಲ್ಲಿ ಕೊರತೆಯಿಲ್ಲದ, ಬೇರೆ ಹತ್ತು ಬಗೆಯ ಅಕ್ಕಿ ಎದುರಿಗೇ ಇದ್ದ ಗೃಹಸ್ಥರು ಒಂದು ರುಚಿಗಾಗಿ ತಳ್ಳಾಡಿದುದನ್ನು ನೋಡಿ ನಗುವುದು ಸುಲಭ. ಆದರೆ ಸಂಕಟವಿಲ್ಲದಲ್ಲಿಯೇ ಇಷ್ಟು ತಳಮಳವಾದರೆ, ದಿನದ ಗಳಿಕೆಯಲ್ಲಿ ಅರ್ಧವನ್ನು ಧಾನ್ಯಕ್ಕೆ ತೆರುವ ಕಡೆ ಏನಾಗಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು.

ಒಳನಾಡಿನ ಜಗಳ

ಇದೇ ವರ್ಷ ಕರ್ನಾಟಕವು ತಾನೇ ಅಕ್ಕಿ ಬೇಡುವ ರಾಜ್ಯವಾಗಿ ನಿಂತಿತು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ ಪಕ್ಷವು ಅನ್ನಭಾಗ್ಯವೆಂಬ ಪಡಿತರ ಯೋಜನೆಯಲ್ಲಿ ತಲೆಗೆ 10 ಕಿಲೋ ಅಕ್ಕಿ ಕೊಡುವೆನೆಂದು ಮಾತು ಕೊಟ್ಟಿದ್ದಿತು; ಅದರಲ್ಲಿ ಕೇಂದ್ರದ ಪಾಲನ್ನು ಕಳೆದು ತಾನು ಸೇರಿಸಬೇಕಾದ 5 ಕಿಲೋಗೆ ತಿಂಗಳಿಗೆ 2.28 ಲಕ್ಷ ಟನ್ ಬೇಕಾಗಿತ್ತು. ಆಹಾರ ನಿಗಮದಿಂದ ಕೊಳ್ಳಬಹುದೆಂದು ಅದು ನೆಚ್ಚಿದ್ದಾಗಲೇ, ಬೆಲೆಯೇರಿಕೆಯನ್ನು ತಡೆಯಲು ದಾಸ್ತಾನು ಬೇಕೆಂಬ ಕಾರಣದ ಮೇಲೆ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯ ಮಾರಾಟವನ್ನು ಜೂನ್ 13ರಂದು ನಿಲ್ಲಿಸಿತು. ರಾಜ್ಯದವರು ಇದನ್ನು ದ್ವೇಷದ ರಾಜಕಾರಣವೆಂದರು; ಕೇಂದ್ರದವರು ಉಗ್ರಾಣದಲ್ಲಿರುವುದನ್ನು ಎಣಿಸದೆ ಆಶ್ವಾಸನೆ ಕೊಟ್ಟದ್ದು ಯಾರ ತಪ್ಪೆಂದರು. ಕೊನೆಗೆ ಜುಲೈಯಿಂದ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕು ಖಾತೆಗಳಿಗೆ ಹೋಯಿತು. 2025ರಲ್ಲಿ ಉಗ್ರಾಣಗಳು ತುಳುಕುವಷ್ಟು ತುಂಬಿದ ಮೇಲೆ ಹಣದ ಸ್ಥಾನಕ್ಕೆ ಮತ್ತೆ ಅಕ್ಕಿ ಬಂದಿತು. ಹೊರದೇಶಕ್ಕೆ ಹಾಕಿದ ಬಾಗಿಲೂ ರಾಜ್ಯಕ್ಕೆ ಹಾಕಿದ ಬಾಗಿಲೂ ಒಂದೇ ಉಗ್ರಾಣದವು, ಆರು ವಾರಗಳೊಳಗೆ ಹಾಕಿದವು. ನಿರ್ಯಾತನೀತಿಯನ್ನು ವಿದೇಶವ್ಯವಹಾರವೆಂದು ಮಾತ್ರ ವಿವರಿಸುವ ಗ್ರಂಥಗಳಿಗೆ ಇದು ಒಳ್ಳೆಯ ತಿದ್ದುಪಡಿ.

ಆ ವರ್ಷ ಮಳೆಯೂ ಕೈಬಿಟ್ಟಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ತುಂಗಭದ್ರೆ ತುಂಬದೆ ಎಡದಂಡೆಯಲ್ಲಿ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. ಮಾನ್ವಿಯ ರೈತನಿಗೆ ಒಂದು ವಿಪರೀತ ಪರಿಸ್ಥಿತಿ ಒದಗಿತು: ಲೋಕದ ಪೇಟೆಯಲ್ಲಿ ಹದಿನೈದು ವರ್ಷಗಳಲ್ಲೇ ಅತ್ಯುಚ್ಚ ಬೆಲೆಯಿದ್ದ ಕಾಲದಲ್ಲಿ ಆ ಬೆಲೆಗೆ ಮಾರುವುದಕ್ಕೆ ಆಜ್ಞೆಯ ಅಡ್ಡಿ, ಒಳಪೇಟೆಯಲ್ಲಿ ಮಾರೋಣವೆಂದರೆ ಬೇಸಿಗೆಯ ನೆಲ್ಲೇ ಇಲ್ಲ. ಕೇಂದ್ರವು ಸಾಧಾರಣ ನೆಲ್ಲಿಗೆ ಗೊತ್ತುಪಡಿಸಿದ ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 2183 ರೂಪಾಯಿ. ಸಣ್ಣನೆಲ್ಲು ಬೆಳೆಯುವ ಇಲ್ಲಿಯವರಿಗೆ ಅದು ಬಿದ್ದಾಗ ಹಿಡಿಯುವ ಬಲೆಯೇ ಹೊರತು ಮಾರುವ ದರವಲ್ಲ. 2024ರ ಫೆಬ್ರುವರಿಯಲ್ಲಿ, ಚುನಾವಣೆಗೆ ಮುನ್ನ, ಕೇಂದ್ರವು ‘ಭಾರತ್ ಅಕ್ಕಿ’ಯೆಂಬ ಹೆಸರಿನಲ್ಲಿ ಕಿಲೋಗೆ 29 ರೂಪಾಯಿಯಂತೆ ಪಟ್ಟಣಗಳಲ್ಲಿ ಮಾರಾಟ ಆರಂಭಿಸಿತು.

ಬಾಗಿಲು ತೆರೆದ ಮೇಲೆ

2024ರ ಮುಂಗಾರು ಸಮೃದ್ಧವಾಗಿದ್ದಿತು. ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಕ್ರೆಸ್ಟ್ ಗೇಟು ಸರಪಣಿ ತುಂಡಾಗಿ ಕೊಚ್ಚಿಹೋದಾಗ, ತುಂಬಿ ನಿಂತಿದ್ದ ಜಲಾಶಯದಿಂದ ಬಹಳಷ್ಟು ನೀರನ್ನು ನದಿಗೆ ಬಿಡಬೇಕಾಯಿತು. ಎಡದಂಡೆಯ ಊರುಗಳಲ್ಲಿ ಎರಡನೆಯ ವರ್ಷವೂ ಬೆಳೆ ಹೋಯಿತೆಂಬ ಭಯ ಹುಟ್ಟಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ರಂಧ್ರವನ್ನು ಮುಚ್ಚಿದ ಮೇಲೆ, ಸೆಪ್ಟೆಂಬರಿನ ಮಳೆಗೆ ಜಲಾಶಯ ಮತ್ತೆ ತುಂಬಿತು. ಅದೇ ಸೆಪ್ಟೆಂಬರ್ 28ರಂದು ಕೇಂದ್ರವು ಬಿಳಿಯ ಅಕ್ಕಿಯ ನಿಷೇಧವನ್ನು ತೆಗೆದು ಟನ್ನಿಗೆ 490 ಡಾಲರಿನ ಕನಿಷ್ಠ ಬೆಲೆಯನ್ನಿಟ್ಟಿತು. ಅಕ್ಟೋಬರಿನಲ್ಲಿ ಆ ನಿಬಂಧನೆಯೂ ಕುಚ್ಚಲಕ್ಕಿಯ ಸುಂಕವೂ ಹೋದುವು. 2025ರ ಮಾರ್ಚಿಯಲ್ಲಿ ನುಚ್ಚಕ್ಕಿಯೂ ಬಿಡುಗಡೆಯಾಯಿತು. ಚುನಾವಣೆ ಮುಗಿದಿದ್ದಿತು, ಉಗ್ರಾಣಗಳಲ್ಲಿ ಸ್ಥಳವಿರಲಿಲ್ಲ.

2024–25ರಲ್ಲಿ ದೇಶದ ಅಕ್ಕಿಯ ಉತ್ಪತ್ತಿ ಸುಮಾರು 15 ಕೋಟಿ ಟನ್ನಿಗೇರಿತು. ಎರಡು ವರ್ಷಗಳ ತಡೆಯ ಹಿಂದೆ ಸಂಚಿತವಾಗಿದ್ದ ದಾಸ್ತಾನು ಹೊಸ ಬೆಳೆಯೊಡನೆ ಕೂಡಿ ಹೊರಹರಿದೊಡನೆ ಲೋಕದ ಬೆಲೆ ಹಲವು ವರ್ಷಗಳ ಕನಿಷ್ಠಮಟ್ಟಕ್ಕೆ ಕುಸಿಯಿತು. ಥಾಯ್ ಅಕ್ಕಿ 400 ಡಾಲರಿನ ಕೆಳಗಿಳಿಯಿತು. ನಿಷೇಧದ ಕಾಲದಲ್ಲಿ ಉಣ್ಣುವವರಿಗಾದ ನಷ್ಟವು ತೆರವಿನ ಕಾಲದಲ್ಲಿ ಬೆಳೆಯುವವರಿಗಾಯಿತು, ಮತ್ತು ಈ ಎರಡನೆಯವರಲ್ಲಿ ಮಾನ್ವಿಯ ರೈತರಂತೆಯೇ ಮೆಕಾಂಗ್ ಮುಖಜಭೂಮಿಯವರೂ ಸೇರಿದ್ದರು. 2025ರ ಸೆಪ್ಟೆಂಬರ್ 1ರಿಂದ, ಎರಡು ವರ್ಷ ಹಿಂದೆ ಅಕ್ಕಿ ತುಟ್ಟಿಯಾಯಿತೆಂದು ಬೆಲೆ ಕಟ್ಟಿದ್ದ ಅದೇ ಮಾರ್ಕೋಸ್ ಸರ್ಕಾರವು, ಅಕ್ಕಿ ಅಗ್ಗವಾಗಿ ತನ್ನ ರೈತರು ಕೆಡುತ್ತಿದ್ದಾರೆಂದು ಆಮದನ್ನೇ ತಾತ್ಕಾಲಿಕವಾಗಿ ನಿಷೇಧಿಸಿತು.